ಮಗು ಕಳೆದುಕೊಂಡ ಗೆಳೆಯರ ಮದುವೆಗೆ ಏನು ಕೊಡೋದು?

ಕೋಥ್ರೂಡ್ ಕಟ್ಟೆ
ಪುಣೆ, ಮುಂಬೈ ಕನ್ನಡಿಗರೇ, ಒಂದು ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಆಫೀಸಿನ ಗೆಳೆಯ ಮತ್ತು ಅವನ ಹೆಂಡತಿ. ಅವನು ಸಾತಾರಾ ಕಡೆಯವನು, ಅವಳು ಧಾರವಾಡದವಳು. ಎರಡು ವರ್ಷದ ಹಿಂದೆ ರಿಜಿಸ್ಟರ್ ಮದುವೆ ಆದರು. ಎರಡೂ ಮನೆಯಿಂದ ಒಬ್ಬರೂ ಬರಲಿಲ್ಲ. ಸಾಕ್ಷಿ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬ. ಅವಳು ಬಸುರಿ ಆದ ಮೇಲೆ ಮನೆಯವರು ಕರಗಿದರು. ಧಾರವಾಡದಿಂದ ಪೇಢೆ ಬಂತು, ಸಾತಾರಾದಿಂದ ಕಂದಿ ಪೇಢೆ ಬಂತು. ಸೀಮಂತಕ್ಕೆ ದಿನ ನೋಡುತ್ತಿದ್ದರು. ಅಷ್ಟರಲ್ಲಿ ಏಳು ತಿಂಗಳಿಗೇ ಹೆರಿಗೆ ಆಯಿತು. 2025ರ ಗಣೇಶ ಚೌತಿಯ ಮಾರನೇ ದಿನ, ಆಗಸ್ಟ್ 28. ಹೆಣ್ಣು ಮಗು, 920 ಗ್ರಾಂ. ಎರಡು ದಿನ ನವಜಾತ ಶಿಶುಗಳ ಐಸಿಯುನಲ್ಲಿ ಇತ್ತು. ಆಮೇಲೆ ಇಲ್ಲ.

ಈಗ ಎರಡೂ ಮನೆಯವರು ಸೇರಿ ಫೆಬ್ರವರಿಯಲ್ಲಿ ಶಾಸ್ತ್ರೋಕ್ತವಾಗಿ ಮದುವೆ ಮಾಡುತ್ತಿದ್ದಾರೆ. ಹಳೆಯದೆಲ್ಲ ಮರೆಯಲಿ ಅಂತ. ನಾವು ಆರು ಜನ ತಲಾ ಎರಡು ಸಾವಿರ ಹಾಕಿ ಏನಾದರೂ ಕೊಡೋಣ ಅಂದುಕೊಂಡಿದ್ದೇವೆ. ಗುಂಪಿನಲ್ಲಿ ಒಬ್ಬರು ಬೆಳ್ಳಿಯ ಬಾಲಕೃಷ್ಣನ ಫೋಟೋ ಹಾಕಿದರು. ಅಂಬೆಗಾಲಿಡುವ ಕೃಷ್ಣ, ಕೈಯಲ್ಲಿ ಬೆಣ್ಣೆ ಉಂಡೆ. ಪಟಪಟ ಅಂತ ನಾಲ್ಕು ಹೆಬ್ಬೆರಳು ಬಿದ್ದವು. ನಾನು ಒತ್ತಿಲ್ಲ. ಆದರೆ ಯಾಕೆ ಬೇಡ ಅಂತ ಗುಂಪಿನಲ್ಲಿ ಬರೆಯೋಕೂ ಕೈ ಬರುತ್ತಿಲ್ಲ. ಏನು ಮಾಡಲಿ?

ಹಿಂಜವಡಿ ಸಿಗ್ನಲ್
ಕವರಿನಲ್ಲಿ ದುಡ್ಡು. 12,001. ಮುಗಿಯಿತು.

ಮಾಟುಂಗಾ ಮಾಮಿ
ಬಾಲಕೃಷ್ಣ ಖಂಡಿತ ಬೇಡ. ನಿಮಗೆ ಒಳ್ಳೆ ನೆಪವೂ ಇದೆ, ಕೇಳಿ. ಮರಾಠಿ ಮದುವೆಗಳಲ್ಲಿ ಅನ್ನಪೂರ್ಣೆ ಮತ್ತು ಬಾಲಕೃಷ್ಣನ ಮೂರ್ತಿ ಹೆಣ್ಣಿನ ತವರಿನಿಂದ ಹೋಗಬೇಕು. ಅದನ್ನು ಗೆಳೆಯರು ಕೊಡುವ ರೂಢಿ ಇಲ್ಲ. "ಅವರ ಮನೆಯವರೇ ಕೊಡ್ತಾರೆ, ಎರಡೆರಡು ಆಗುತ್ತೆ" ಅಂತ ಗುಂಪಿನಲ್ಲಿ ಬರೆಯಿರಿ. ಯಾರ ಮನಸ್ಸಿಗೂ ನೋವಾಗಲ್ಲ. ಮಗುವಿನ ಮಾತೇ ಎತ್ತಬೇಕಿಲ್ಲ.

ಕೋಥ್ರೂಡ್ ಕಟ್ಟೆ
ಮಾಮಿ, ಬರೆದೆ. "ಓ ಹೌದಾ, ಸರಿ" ಅಂತ ಬಂತು. ಇಷ್ಟು ಸುಲಭ ಇತ್ತಾ!

ಡೊಂಬಿವಲಿ ಫಾಸ್ಟ್
ಗಿಡ ಕೊಡಿ. ಪಾರಿಜಾತ. ಮಗುವಿನ ನೆನಪೂ ಆಗುತ್ತೆ, ಮನೆಯಲ್ಲಿ ಹೂವೂ ಅರಳುತ್ತೆ.

ಠಾಣೆ ಅಕ್ಕ
ಗಿಡ ಬೇಡ ತಮ್ಮಾ. ನಾನೇ ಮಾಡಿದ ತಪ್ಪು ಹೇಳ್ತೀನಿ.

ನನ್ನ ನಾದಿನಿಗೆ ಹೀಗೇ ಆದಾಗ ಮಲ್ಲಿಗೆ ಗಿಡ ಕೊಟ್ಟೆ. ಚಂದದ ಮಣ್ಣಿನ ಕುಂಡ. ಪುಟ್ಟನ ಗಿಡ ಅಂತಲೇ ಎಲ್ಲರೂ ಕರೆದರು. ಮೇ ತಿಂಗಳಲ್ಲಿ ಅವರು ಹತ್ತು ದಿನ ಊರಿಗೆ ಹೋದರು. ವಾಚ್‌ಮನ್‌ಗೆ ಕೀಲಿ ಕೊಟ್ಟು, ದಿನಾ ಎರಡು ಮಗ್ ನೀರು ಹಾಕಪ್ಪಾ ಅಂದಿದ್ದರು. ಅವನು ಎರಡು ದಿನ ಹಾಕಿ ಮರೆತ. ಪಶ್ಚಿಮದ ಬಾಲ್ಕನಿ, ಮಧ್ಯಾಹ್ನದ ಬಿಸಿಲು. ವಾಪಸ್ ಬಂದಾಗ ಒಣ ಕಡ್ಡಿ. ಅವಳು ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. "ಇದನ್ನೂ ನನ್ನ ಕೈಲಿ ಉಳಿಸಿಕೊಳ್ಳೋಕೆ ಆಗಲಿಲ್ಲ."

ಆ ಕುಂಡವನ್ನು ಒಂದು ವರ್ಷ ಎಸೆಯಲಿಲ್ಲ. ಒಣಗಿದ ಕಡ್ಡಿಗೆ ದಿನಾ ನೀರು ಹಾಕುತ್ತಿದ್ದಳು. ಸಾಯುವಂಥದ್ದು ಏನನ್ನೂ ಕೊಡಬೇಡಿ. ಮೀನಿನ ತೊಟ್ಟಿ ಅಂತ ಯಾರಾದರೂ ಹೇಳುವ ಮೊದಲೇ ಅದಕ್ಕೂ ಬೇಡ ಅಂದುಬಿಡ್ತೀನಿ.

ಡೊಂಬಿವಲಿ ಫಾಸ್ಟ್
ಅಕ್ಕಾ, ಇದನ್ನು ಯೋಚಿಸಿರಲಿಲ್ಲ. ಮಾತು ವಾಪಸ್.

ಕುಂದಾನಗರಿ
ಅವಳು ಧಾರವಾಡದವಳು ಅಲ್ವಾ? ಇಳಕಲ್ ಸೀರೆ, ಮೇಲೆ ಕೈ ಕಸೂತಿ. 12 ಸಾವಿರದಲ್ಲಿ ಒಳ್ಳೆಯದೇ ಸಿಗುತ್ತೆ. ತವರಿನ ಸೀರೆ ಅಂದರೆ ಯಾರಿಗೆ ಬೇಡ?

ಟೋಪ ತೆನಿ
ಸೀರೆ ಒಳ್ಳೆ ಯೋಚನೆ. ಒಂದು ಎಚ್ಚರ ಮಾತ್ರ. ನಮ್ಮ ಅವ್ವ ಕಸೂತಿ ಹಾಕುತ್ತಿದ್ದಳು, ಅದಕ್ಕೆ ಹೇಳ್ತಿದ್ದೀನಿ. ಕಸೂತಿಯ ಹಳೇ ಚಿತ್ರಗಳಲ್ಲಿ ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ ಇರುವ ಹಾಗೇ ತೊಟ್ಟಿಲೂ ಇದೆ. ಸಣ್ಣ ಚೌಕ, ಕೆಳಗೆ ತೂಗು. ದೂರದಿಂದ ಪಲ್ಲಕ್ಕಿ ಅನ್ನಿಸುತ್ತೆ, ಅಂಗಡಿಯವರಿಗೇ ವ್ಯತ್ಯಾಸ ಗೊತ್ತಿರಲ್ಲ. ಧಾರವಾಡದ ಹುಡುಗಿಗೆ ಮಾತ್ರ ನೋಡಿದ ತಕ್ಷಣ ಗೊತ್ತಾಗುತ್ತೆ. ಸೆರಗು ಪೂರ್ತಿ ಬಿಚ್ಚಿಸಿ ನೋಡಿ. ಗವಂತಿಯೋ ಮುರಗಿಯೋ ಹೊಲಿಗೆ ಆಗಿದ್ದರೆ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಹಿಂದೆ ದಾರದ ಗಂಟು ಕಂಡರೆ ದುಡ್ಡು ಕೊಡಬೇಡಿ.

ಹಿಂಜವಡಿ ಸಿಗ್ನಲ್
ಅದಕ್ಕೇ ಹೇಳಿದ್ದು ಕವರ್ ಅಂತ. ದುಡ್ಡಿನ ಮೇಲೆ ತೊಟ್ಟಿಲ ಚಿತ್ರ ಇರಲ್ಲ.

ಮಾಟುಂಗಾ ಮಾಮಿ
ಮತ್ತೆ ಸೀರೆ ಅವಳಿಗಾಯಿತು, ಅವನಿಗೆ?

ಪನ್ವೇಲ್ ಅಪ್ಪ
ಮಾಮಿ ಸರಿಯಾಗಿ ಕೇಳಿದರು. ನಾನು ಇಲ್ಲಿ ಜಾಸ್ತಿ ಬರೆಯೋನಲ್ಲ.

ನಮ್ಮ ಮಗು ಮೂರು ದಿನ ಇತ್ತು. ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಹೋದದ್ದು ನಾನು ಮತ್ತು ನನ್ನ ಮಾವ. ನಮ್ಮಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಮಣ್ಣು ಮಾಡ್ತಾರೆ. ಆಮೇಲೆ ಮಹಾನಗರ ಪಾಲಿಕೆಯ ಕಿಟಕಿಯಲ್ಲಿ ಜನನ ಪತ್ರ, ಮರಣ ಪತ್ರ, ಎರಡಕ್ಕೂ ನಾನೇ ಅರ್ಜಿ ಕೊಟ್ಟೆ. ಒಂದೇ ಕಿಟಕಿ. ಬರುವವರೆಲ್ಲ "ಅವಳು ಹೇಗಿದ್ದಾಳೆ, ಅವಳನ್ನು ಚೆನ್ನಾಗಿ ನೋಡಿಕೋ" ಅಂದರು. ನೋಡಿಕೊಂಡೆ. ನೀನು ಹೇಗಿದ್ದೀಯಾ ಅಂತ ಕೇಳಿದ್ದು ಕಟಿಂಗ್ ಮಾಡುವ ಅಂಗಡಿಯವನು ಒಬ್ಬನೇ. ನಿಮ್ಮ ಗೆಳೆಯನನ್ನು ಒಂದು ಚಹಾಕ್ಕೆ ಕರೆದುಕೊಂಡು ಹೋಗಿ.

ಠಾಣೆ ಅಕ್ಕ
🙏

ಸಯಾನ್ ಸರ್ಕಲ್
ಆಸ್ಪತ್ರೆಗೆ ದೇಣಿಗೆ ಕೊಟ್ಟರೆ ಹೇಗೆ, ಮಗುವಿನ ಹೆಸರಲ್ಲಿ? ನಮ್ಮ ಸಯಾನ್ ಆಸ್ಪತ್ರೆಯಲ್ಲಿ 1989ರಿಂದ ಎದೆಹಾಲಿನ ಬ್ಯಾಂಕ್ ಇದೆ. ಏಷ್ಯಾದಲ್ಲೇ ಮೊದಲನೆಯದು, ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೇ ಆ ಹಾಲು ಹೋಗೋದು.

ಸಂಜೆ ಮಳೆ
ಆ ಬ್ಯಾಂಕ್ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಮದುವೆ ಉಡುಗೊರೆಯಾಗಿ ಬೇಡ. ಮಗು ಹೋದರೂ ಹಾಲು ಬರುತ್ತೆ, ಗೊತ್ತಾ? ಯಾರೂ ಮೊದಲೇ ಹೇಳಿರಲ್ಲ. ಮೂರನೇ ದಿನ ಬ್ಲೌಸ್ ಒದ್ದೆ ಆದಾಗಲೇ ನನಗೆ ತಿಳಿದದ್ದು. ಹಾಲು ಅನ್ನುವ ಮಾತನ್ನೇ ಕೇಳೋಕೆ ಆಗದ ಹೆಂಗಸರು ಇದ್ದಾರೆ. ಅವರೇ ಕೊಡ್ತೀನಿ ಅಂದರೆ ಕೊಡಲಿ, ನಾವು ಅವರ ಮಗುವಿನ ಹೆಸರಲ್ಲಿ ರಸೀದಿ ಮಾಡಿಸಬಾರದು.

ನನ್ನದನ್ನೂ ಹೇಳ್ತೀನಿ. 2019ರಲ್ಲಿ 34ನೇ ವಾರಕ್ಕೆ ಮಗ ಹೊಟ್ಟೆಯಲ್ಲೇ ಹೋದ. ಆಫೀಸಿನವರು ಗರ್ಭಪಾತದ ಲೆಕ್ಕ ಹಾಕಿ ಆರು ವಾರ ರಜೆ ಅಂದರು. ಆಗ ಇದ್ದ ಹೆರಿಗೆ ಸೌಲಭ್ಯದ 1961ರ ಕಾಯ್ದೆಯಲ್ಲಿ ಮಗು ಅಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತೆ ಅಂತ ಬರೆದಿತ್ತು. ನನ್ನ ತಮ್ಮ ಅದನ್ನು ಪ್ರಿಂಟ್ ತೆಗೆದು, ಗೆರೆ ಎಳೆದು, ಅವರ ಮೇಜಿನ ಮೇಲೆ ಇಟ್ಟು ಬಂದ. 26 ವಾರ ಸಿಕ್ಕಿತು. ರಜೆಯ ಜೊತೆಗೆ ಇನ್ನೊಂದೂ ಸಿಕ್ಕಿತು. ನನ್ನ ಮಗನನ್ನು "ಮಗು" ಅಂತ ಬರೆದ ಒಂದು ಕಾಗದ. ಮನೆಯಲ್ಲಿ ಎಲ್ಲರೂ "ಆ ವಿಷಯ" ಅನ್ನುತ್ತಿದ್ದರು.

ನನಗೆ ಬಂದವುಗಳಲ್ಲಿ ಇವತ್ತಿಗೂ ಇಟ್ಟುಕೊಂಡಿರುವುದು ಒಂದು ಪೆಟ್ಟಿಗೆ. ಗೆಳತಿ ಕೊಟ್ಟಳು. ಬರೀ ಮರದ ಪೆಟ್ಟಿಗೆ, ಮೇಲೆ ಹೆಸರು ಗಿಸರು ಏನೂ ಇಲ್ಲ. "ಏನಾದರೂ ಇಡೋಕಿದ್ದರೆ ಇಡು" ಅಂದಳು, ಅಷ್ಟೇ. ಅಲ್ಲಿಯವರೆಗೆ ನನ್ನ ಕೈಗೆ ಹಾಕಿದ್ದ ಆಸ್ಪತ್ರೆಯ ಪಟ್ಟಿ, ಒಂದು ಟೋಪಿ, ಸ್ಕ್ಯಾನಿನ ಕಾಗದ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸೀರೆಗಳ ಕೆಳಗೆ ಇದ್ದವು. ಆ ಕೆಲಸಕ್ಕೆ ಸಾಮಾನು ಬೇಕು ಅಂತ ನನಗೇ ಹೊಳೆದಿರಲಿಲ್ಲ.

ವಾಶಿ ವಾಸಿ
ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. ಮದುವೆ ಮಂಗಳ ಕಾರ್ಯ. ಅಂಥ ದಿನ ಇಂಥ ಪೆಟ್ಟಿಗೆ ಕೊಟ್ಟು ನೆನಪಿಸೋದು ಯಾಕೆ? ಒಂದು ದಿನವಾದರೂ ಆ ಹುಡುಗಿ ನಗಲಿ ಬಿಡಿ.

ಸಂಜೆ ಮಳೆ
ಸರ್, ಅವಳಿಗೆ ಆ ದಿನ ಉಡಿ ತುಂಬ್ತಾರಲ್ವಾ? ಅಕ್ಕಿ, ಖಣ, ತೆಂಗಿನಕಾಯಿ ಮಡಿಲಿಗೆ ಬೀಳುತ್ತೆ. ಸೆರಗಿನಲ್ಲಿ ಅಷ್ಟು ಭಾರ ಇಟ್ಟುಕೊಂಡು ಕೂರಬೇಕು. 920 ಗ್ರಾಂ ಅಂದರೆ ಎಷ್ಟು ಭಾರ ಅಂತ ಆ ಮಂಟಪದಲ್ಲಿ ಅವಳೊಬ್ಬಳಿಗೇ ಗೊತ್ತಿರುತ್ತೆ. ನಾವು ಹೊಸದಾಗಿ ಏನು ನೆನಪಿಸೋದು?

ವಾಶಿ ವಾಸಿ
ಸರಿ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ವೇದಿಕೆಯ ಮೇಲೆ ಬೇಡ ಅನ್ನೋದು ನನ್ನ ಮಾತು. ಅಲ್ಲಿ ಯಾರೋ ಚಿಕ್ಕಮ್ಮ "ಏನದು, ತೆಗಿ ನೋಡೋಣ" ಅಂತಾರೆ.

ಇನ್ನೊಂದು. ಪುರೋಹಿತರ ಜೊತೆ ಒಂದು ಮಾತು ಆಡಿ. "ಅಷ್ಟಪುತ್ರಾ ಸೌಭಾಗ್ಯವತೀ ಭವ" ಅಂತ ಮೈಕಿನಲ್ಲಿ ಹೇಳೋದು ಈ ಕಡೆ ಜೋರು. ನನ್ನ ಭಾವ ಪೌರೋಹಿತ್ಯ ಮಾಡ್ತಾರೆ. ಮೊದಲೇ ಹೇಳಿದರೆ "ದೀರ್ಘಾಯುಷ್ಯ, ಸೌಖ್ಯ" ಅಂತ ಹೇಳಿ ಮುಂದೆ ಹೋಗ್ತೀವಿ, ಅದರಲ್ಲಿ ಶಾಸ್ತ್ರಕ್ಕೆ ಏನೂ ಕಮ್ಮಿ ಆಗಲ್ಲ ಅಂತಾರೆ. ಯಾರೂ ಹೇಳಲ್ಲ, ಅವರಿಗೂ ಗೊತ್ತಾಗಲ್ಲ. ನಿಮ್ಮ 12 ಸಾವಿರಕ್ಕಿಂತ ಇದೇ ದೊಡ್ಡ ಉಡುಗೊರೆ ಆದೀತು.

ಸಂಜೆ ಮಳೆ
ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಭಾವನಿಗೆ ನಮಸ್ಕಾರ ಹೇಳಿ.

ಡೊಂಬಿವಲಿ ಫಾಸ್ಟ್
12,001ರಲ್ಲಿ ಆ ಒಂದು ರೂಪಾಯಿ ಯಾಕೆ? ಯಾವಾಗಿನಿಂದಲೋ ಕೇಳಬೇಕು ಅಂತ.

ಹಿಂಜವಡಿ ಸಿಗ್ನಲ್
ಸೊನ್ನೆಯಲ್ಲಿ ಮುಗಿಸಬಾರದು ಅಂತ ನಮ್ಮಜ್ಜಿ. ಮುಯ್ಯಿ ಮುಂದುವರಿಯಬೇಕು.

ಕುಂದಾನಗರಿ
ನಮ್ಮ ಕಡೆ ಆಯೇರಿ ಅಂತೀವಿ. ಮರಾಠಿಯವರ ಆಹೇರ್. ನಮ್ಮಪ್ಪನ ಹತ್ತಿರ ನೋಟ್‌ಬುಕ್ ಇದೆ, ಯಾರ ಮದುವೆಯಲ್ಲಿ ಯಾರು ಎಷ್ಟು ಹಾಕಿದರು ಅಂತ. ನನ್ನ ಮದುವೆಗೆ ಒಬ್ಬರು 51 ಹಾಕಿದ್ದನ್ನು ಇನ್ನೂ ಹೇಳ್ತಾರೆ.

ಸಯಾನ್ ಸರ್ಕಲ್
ಮದುವೆ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಗೆಳೆಯರು ಕೊಟ್ಟರೂ ಇಲ್ಲ. ಆದರೆ ಎರಡು ವರ್ಷದ ಹಿಂದೆಯೇ ರಿಜಿಸ್ಟರ್ ಆಗಿದೆಯಲ್ಲ, ಈಗ ಕೊಟ್ಟಿದ್ದು ಮದುವೆ ಉಡುಗೊರೆಯೋ ಅಲ್ಲವೋ?

ಮಾಟುಂಗಾ ಮಾಮಿ
12 ಸಾವಿರಕ್ಕೆ ತೆರಿಗೆ ಹುಡುಕಿಕೊಂಡು ಯಾರೂ ಬರಲ್ಲ ಮಾರಾಯ್ರೆ. ವಿಷಯಕ್ಕೆ ಬನ್ನಿ.

ಡೊಂಬಿವಲಿ ಫಾಸ್ಟ್
ವಿಷಯಕ್ಕೇ ಬಂದೆ. ಒಂದು ಪ್ರವಾಸ ಕೊಟ್ಟರೆ? ಗೋವಾದಲ್ಲಿ ಮೂರು ದಿನ ಹೋಂಸ್ಟೇ. ಮದುವೆ ಆದ ತಕ್ಷಣ ಬೇಡ, ಮುಂದಿನ ಗಣಪತಿ ಹಬ್ಬದ ಹೊತ್ತಿಗೆ. ಆ ಸಮಯದಲ್ಲಿ ಪುಣೆಯಲ್ಲಿ ಇರೋದು ಅವರಿಗೆ ಕಷ್ಟ ಅಲ್ವಾ? ಢೋಲು ತಾಶೆಯ ತಾಲೀಮು ತಿಂಗಳ ಮೊದಲೇ ಶುರು ಆಗುತ್ತೆ.

ಕೋಥ್ರೂಡ್ ಕಟ್ಟೆ
ಇದು ನಿಜ. ಅವಳನ್ನು ಡಿಸ್ಚಾರ್ಜ್ ಮಾಡಿದ್ದು ಗೌರಿ ವಿಸರ್ಜನೆಯ ದಿನ. ನನ್ನ ಕಾರಿನಲ್ಲೇ ಕರೆದುಕೊಂಡು ಬಂದೆ. ಕರ್ವೆ ರಸ್ತೆಗೆ ಬರುವ ಹೊತ್ತಿಗೆ ಮುಂದೆ ಮೆರವಣಿಗೆ. ಮುಕ್ಕಾಲು ಗಂಟೆ ಗಾಡಿ ಅಲ್ಲಾಡಲಿಲ್ಲ. ಢೋಲಿನ ಸದ್ದಿಗೆ ಕಾರಿನ ಗಾಜು ಅದುರುತ್ತಿತ್ತು. ಒಬ್ಬ ಹುಡುಗ ಗಾಜು ತಟ್ಟಿ, ಗುಲಾಲು ಮೆತ್ತಿದ ಕೈಯಲ್ಲಿ ಪ್ರಸಾದ ಕೊಟ್ಟ. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಮನೆ ಬರುವವರೆಗೂ ಆ ಸಕ್ಕರೆ ಕೈಯಲ್ಲೇ ಇತ್ತು. ತಿನ್ನಲೂ ಇಲ್ಲ, ಬಿಡಲೂ ಇಲ್ಲ.

ಮಡಗಾಂವ್ ಮಳೆಗಾಲ
ಗೋವಾದಲ್ಲಿ ಇರೋನು ನಾನು. ಚೌತಿಗೆ ಇಲ್ಲಿ ಕಳಿಸಬೇಡಿ. ಪುಣೆಯಷ್ಟು ಸದ್ದು ಇಲ್ಲ, ನಿಜ. ಆದರೆ ಇಲ್ಲಿ ಚವತ್ ಅಂದರೆ ಪೂರ್ತಿ ಮನೆ ಹಬ್ಬ. ಎಲ್ಲೆಲ್ಲೋ ಇರುವವರು ಮೂಲ ಮನೆಗೆ ಬರ್ತಾರೆ, ಗಣಪನ ಮೇಲೆ ತೂಗುವ ಮಾಟೋಳಿ ಚೌಕಟ್ಟಿಗೆ ಕಾಡಿನ ಹಣ್ಣು ಕಾಯಿ ಕಟ್ತಾರೆ, ಮನೆ ತುಂಬಾ ಮಕ್ಕಳು. ಅಂಗಡಿ ಹೋಟೆಲ್ ಅರ್ಧಕ್ಕರ್ಧ ಮುಚ್ಚಿರುತ್ತೆ. ಇಬ್ಬರೇ ಒಂದು ಕೋಣೆಯಲ್ಲಿ ಕೂತು, ಪಕ್ಕದ ಮನೆಯ ಮಕ್ಕಳ ಆರತಿ ಕೇಳಬೇಕು. ಆಗುಂಬೆ ಕಡೆ ಕಳಿಸಿ. ಮಳೆಯ ಸದ್ದು ಬಿಟ್ಟರೆ ಏನೂ ಕೇಳಲ್ಲ.

ಟೋಪ ತೆನಿ
ದಿನ ಯಾವುದು ಅನ್ನೋದೇ ದೊಡ್ಡ ಪ್ರಶ್ನೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಇತ್ತು. 2026ರಲ್ಲಿ ಸೆಪ್ಟೆಂಬರ್ 14. ತಾರೀಖು ಹಿಡಿದರೆ ಮಗುವಿನ ದಿನ ಹಬ್ಬಕ್ಕಿಂತ ಎರಡು ವಾರ ಮೊದಲು ಬರುತ್ತೆ, ತಿಥಿ ಹಿಡಿದರೆ ಹಬ್ಬದ ಮಾರನೇ ದಿನ. ಅಮ್ಮ ಒಂದನ್ನು ಹಿಡಿದಿರ್ತಾಳೆ, ಅಪ್ಪ ಇನ್ನೊಂದನ್ನು. ನಾವು ಇಲ್ಲಿ ಕೂತು ಬುಕ್ ಮಾಡಿದರೆ ತಪ್ಪಾಗುತ್ತೆ.

ಪನ್ವೇಲ್ ಅಪ್ಪ
ನಾನು ತಾರೀಖು, ಅವಳು ತಿಥಿ. ಸರಿಯಾಗಿ ಹೇಳಿದಿರಿ.

ಹಿಂಜವಡಿ ಸಿಗ್ನಲ್
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಅವನನ್ನೇ ಕೇಳಬಾರದಾ? ಫೋನ್ ಇದೆ ಅಲ್ವಾ?

ಠಾಣೆ ಅಕ್ಕ
ಎರಡು ಸಲ ಕವರ್ ಕವರ್ ಅಂದವರು ಈಗ ಸರಿಯಾದ ಮಾತು ಹೇಳಿದಿರಿ.

ಕೋಥ್ರೂಡ್ ಕಟ್ಟೆ
ಎರಡು ದಿನ ಆದ ಮೇಲೆ ಬರೀತಿದ್ದೀನಿ.

ಕೇಳಿದೆ. ಆಫೀಸಿನ ಹೊರಗಿನ ಟಪರಿಯಲ್ಲಿ, ಚಹಾ ಹಿಡಿದುಕೊಂಡು. ಪನ್ವೇಲ್ ಅಪ್ಪ ಹೇಳಿದ ಹಾಗೆ ಮೊದಲು "ನೀನು ಹೇಗಿದ್ದೀಯಾ" ಅಂದೆ. ಚೆನ್ನಾಗಿದ್ದೀನಿ ಅಂದ. ಸುಮ್ನೆ ನಿಂತೆ. ಎರಡನೇ ಚಹಾ ಬಂತು. ಆಮೇಲೆ ಅವನಾಗಿಯೇ ಶುರು ಮಾಡಿದ.

ಮಗು ಹೊಟ್ಟೆಯಲ್ಲಿದ್ದಾಗಲೇ ಅವರು ಅದನ್ನು ಗುಬ್ಬಿ ಅಂತ ಕರೆಯುತ್ತಿದ್ದರಂತೆ. ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಗುಬ್ಬಿಯ ಸಾಮಾನು ಒಂದು ಬಟ್ಟೆ ಚೀಲದಲ್ಲಿ ಇದೆ. ಕಾಲಿನ ಪಟ್ಟಿ, ಅದರ ಮೇಲೆ "ಬೇಬಿ ಆಫ್" ಅಂತ ಬರೆದು ಅಮ್ಮನ ಹೆಸರು. ಒಂದು ಹಳದಿ ಟೋಪಿ. ಅವನ ಅಮ್ಮ ಹೊಲಿದ ಗೋಧಡಿ, ಅಂದರೆ ನಮ್ಮ ಕೌದಿ, ಹಳೇ ಸೀರೆಗಳದ್ದು. ಈಗ ಮದುವೆಗೆ ನೆಂಟರು ಬಂದು ಮನೆಯಲ್ಲಿ ಉಳಿಯುತ್ತಾರೆ. ಅದಕ್ಕೆ ಮೊದಲು ಚೀಲವನ್ನು ಎಲ್ಲಾದರೂ ನೀರಿಗೆ ಬಿಟ್ಟು ಬನ್ನಿ ಅಂತ ಅವನ ಅಮ್ಮ ಹೇಳುತ್ತಿದ್ದಾರೆ. ಅವರು ಕೆಟ್ಟವರಲ್ಲ. ಗೋಧಡಿ ಹೊಲಿದವರೇ ಅವರು. ನೋಡೋಕೆ ಆಗುತ್ತಿಲ್ಲ, ಅಷ್ಟೇ. ಇವಳು ಬಿಡೋಕೆ ಒಪ್ಪುತ್ತಿಲ್ಲ. ಇಬ್ಬರ ನಡುವೆ ಅವನು.

"ಉಡುಗೊರೆ ಏನೂ ಬೇಡ. ಮದುವೆ ಮುಗಿಯುವವರೆಗೆ ಆ ಚೀಲ ನಿನ್ನ ಮನೆಯಲ್ಲಿ ಇಟ್ಟುಕೊಳ್ತೀಯಾ?" ಅಂದ.

ನಿನ್ನೆ ರಾತ್ರಿ ತಂದು ಕೊಟ್ಟ. ನನ್ನ ಕಪಾಟಿನ ಮೇಲಿನ ಅರೆಯಲ್ಲಿ ಇದೆ.

ಮಾಟುಂಗಾ ಮಾಮಿ
ಕಪಾಟಿನಲ್ಲಿ ನುಸಿ ಗುಳಿಗೆ ಇದ್ದರೆ ತೆಗೆದುಬಿಡಿ ಮಗಾ. ಆ ಬಟ್ಟೆಗೆ ವಾಸನೆ ಹಿಡಿಯಬಾರದು. ಅವಳು ಮೂಸಿ ನೋಡ್ತಾಳೆ.

ಕೋಥ್ರೂಡ್ ಕಟ್ಟೆ
ಇತ್ತು ಮಾಮಿ. ಈಗಷ್ಟೇ ತೆಗೆದೆ.

ಸಂಜೆ ಮಳೆ
ತೊಳೆಯೋಕೂ ಹೋಗಬೇಡಿ. ಮಡಿಕೆ ಕೂಡ ಬಿಚ್ಚಬೇಡಿ.

ಕೋಥ್ರೂಡ್ ಕಟ್ಟೆ
ಇಲ್ಲ, ಚೀಲದ ದಾರವನ್ನೇ ಬಿಚ್ಚಿಲ್ಲ.

ಈಗ ಹೀಗೆ ಅಂದುಕೊಂಡಿದ್ದೀವಿ. ಮದುವೆ ದಿನ ಎಲ್ಲರ ಎದುರಿಗೆ ಒಂದು ಕವರ್. ಹಿಂಜವಡಿಯವರೇ, ನೀವೇ ಗೆದ್ದಿರಿ. ಅದರಲ್ಲಿ 8,001. ಉಳಿದದ್ದರಲ್ಲಿ ಒಂದು ಪೆಟ್ಟಿಗೆ. ಅದನ್ನು ನೆಂಟರೆಲ್ಲ ಊರಿಗೆ ಹೋದ ಮೇಲೆ, ಚೀಲ ವಾಪಸ್ ಕೊಡುವಾಗ ಕೊಡ್ತೀನಿ. ಪುರೋಹಿತರಿಗೆ ಫೋನ್ ಮಾಡುವ ಕೆಲಸ ಅವಳ ಅಣ್ಣ ಒಪ್ಪಿಕೊಂಡಿದ್ದಾನೆ. ಗುಂಪಿನ ಉಳಿದವರಿಗೆ "ಮರದ ಪೆಟ್ಟಿಗೆ" ಅಂತ ಮಾತ್ರ ಹೇಳಿದ್ದೀನಿ. ಬಾಲಕೃಷ್ಣ ಹಾಕಿದವರೇ ಮೊದಲು ದುಡ್ಡು ಕಳಿಸಿದರು.

ಪೆಟ್ಟಿಗೆ ಎಲ್ಲಿ ತಗೊಳ್ಳಲಿ? ಗೋಧಡಿ ಮಡಿಸಿದರೆ ಒಂದು ಮೊಳ ಉದ್ದ, ಗೇಣು ಎತ್ತರ ಬರಬಹುದು.

ಕುಂದಾನಗರಿ
ತುಳಶಿಬಾಗ್‌ನಲ್ಲಿ ನೋಡಿ. ಇಲ್ಲವಾದರೆ ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ತಾಮ್ರದ್ದು ಬಡಿದು ಮಾಡಿಕೊಡ್ತಾರೆ.

ಟೋಪ ತೆನಿ
ತಾಮ್ರ ಬೇಡ, ಹಸಿರು ಕಟ್ಟುತ್ತೆ, ಬಟ್ಟೆಗೆ ಕಲೆ. ಮರವೇ ಸರಿ.

ಮಡಗಾಂವ್ ಮಳೆಗಾಲ
ನಾನು ಮುಂದಿನ ವಾರ ಸಾವಂತವಾಡಿ ಮೇಲೆ ಪುಣೆಗೆ ಬರ್ತಿದ್ದೀನಿ. ಅಲ್ಲಿ ಅರಗಿನ ಬಣ್ಣದ ಮರದ ಪೆಟ್ಟಿಗೆ ಸಿಗುತ್ತೆ, ಗಂಜೀಫಾ ಆಟದ ಎಲೆ ಇಡುವಂಥದ್ದು, ದೊಡ್ಡದೂ ಮಾಡ್ತಾರೆ. ಆದರೆ ಮೇಲೆ ದಶಾವತಾರದ ಚಿತ್ರ ಇರುತ್ತೆ. ಚಿತ್ರ ಇಲ್ಲದ್ದು ಸಿಕ್ಕರೆ ತರ್ಲಾ?

ಕೋಥ್ರೂಡ್ ಕಟ್ಟೆ
ದಯವಿಟ್ಟು ತನ್ನಿ. ಚಿತ್ರ ಇಲ್ಲದ್ದೇ ಇರಲಿ. ಬಣ್ಣ ಒಂದೇ ಆದರೆ ಸಾಕು.

ಸಂಜೆ ಮಳೆ
ಬೀಗ ಬೇಡ. ಚಿಲಕ ಸಾಕು. ಕೀಲಿ ಇದ್ದರೆ ಕೀಲಿ ಕಳೆಯುತ್ತೆ ಅಂತ ರಾತ್ರಿ ಎಲ್ಲ ನಿದ್ದೆ ಬರಲ್ಲ.

ಮಡಗಾಂವ್ ಮಳೆಗಾಲ
ಚಿಲಕ. ಬರೆದುಕೊಂಡೆ.

ಹಿಂಜವಡಿ ಸಿಗ್ನಲ್
8,001 ಅಂದರೆ ಒಬ್ಬರಿಗೆ ಎಷ್ಟಾಯಿತು? ಆ ಒಂದು ರೂಪಾಯಿ ಯಾರದ್ದು?

ಡೊಂಬಿವಲಿ ಫಾಸ್ಟ್
ನನ್ನದು ಹಾಕಿಕೊಳ್ಳಿ. ಜಿಪೇ ನಂಬರ್ ಕಳಿಸಿ.